ಮಗುವಿಗೆ ಕ್ಯಾನ್ಸರ್ ಮಾತ್ರೆ ಏಕೆ? ಅಜ್ಜಿಗೂ ಅದನ್ನೇ ಕೊಡಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಂಗಿಯ ಮಗಳಿಗೆ ಈಗ ಒಂಬತ್ತು ವರ್ಷ. ಐದು ತಿಂಗಳ ಕೂಸಾಗಿದ್ದಾಗಿನಿಂದ ಫಿಟ್ಸ್ ಬರುತ್ತಿದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂದು ಹೇಳಿದ್ದಾರೆ. ಎರಡು ಮೂರು ಬಗೆಯ ಮಾತ್ರೆ ಕೊಟ್ಟರೂ ಫಿಟ್ಸ್ ಪೂರ್ತಿ ನಿಂತಿಲ್ಲ. ಈಚೆಗೆ ಮಾಡಿಸಿದ ಎಂಆರ್‌ಐನಲ್ಲಿ ಮಿದುಳಿನೊಳಗೆ ಸಣ್ಣ ಗಡ್ಡೆಯೂ ಕಂಡಿದೆ. ಬೆಂಗಳೂರಿನ ವೈದ್ಯರು ಎವರೊಲಿಮಸ್ ಎಂಬ ಮಾತ್ರೆ ಬರೆದಿದ್ದಾರೆ. ಮೆಡಿಕಲ್ ಶಾಪಿನವರು ‘ಇದು ಕ್ಯಾನ್ಸರಿಗೆ ಕೊಡುವ ಮಾತ್ರೆಯಲ್ಲವೇ’ ಎಂದು ಕೇಳಿದಾಗಿನಿಂದ ತಂಗಿ ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಕೈನೇಸ್ ಎಂಬ ಪ್ರೋಟೀನನ್ನು ತಡೆಯುವ ಔಷಧಿ ಇದು, ಮಿದುಳಿನ ಕಾಯಿಲೆಗೂ ಕ್ಯಾನ್ಸರಿಗೂ ಆಗುತ್ತದೆ ಎಂದು ನಾನು ಓದಿದೆ. ಹಾಗಾದರೆ ಮಗುವಿಗೆ ಕ್ಯಾನ್ಸರ್ ಇದೆಯೇ? ಒಂದೇ ಮಾತ್ರೆ ಎರಡಕ್ಕೂ ಹೇಗೆ ಆಗುತ್ತದೆ? ನಮ್ಮ ಅಮ್ಮನಿಗೆ 76 ವರ್ಷ, ಮರೆವಿನ ಕಾಯಿಲೆ ಇದೆ. ಅವರಿಗೂ ಇದನ್ನು ಕೊಡಿಸಬಹುದೇ?

ಉತ್ತರ: ನಿಮ್ಮ ತಂಗಿಯ ಆತಂಕಕ್ಕೆ ಮೊದಲು ಉತ್ತರ ಹೇಳುತ್ತೇನೆ, ದಯವಿಟ್ಟು ಈ ಭಾಗವನ್ನು ಅವರಿಗೆ ಓದಿ ಹೇಳಿ. ಟ್ಯೂಬರಸ್ ಸ್ಕ್ಲೆರೋಸಿಸ್ ಕ್ಯಾನ್ಸರ್ ಅಲ್ಲ. ಎವರೊಲಿಮಸ್ ಬರೆದಿದ್ದಾರೆ ಎಂಬ ಕಾರಣಕ್ಕೆ ಮಗುವಿಗೆ ಕ್ಯಾನ್ಸರ್ ಬಂದಿದೆ ಎಂದು ತಿಳಿಯಬೇಕಾಗಿಲ್ಲ. ಈ ಕಾಯಿಲೆಯಿರುವ ಕೆಲವು ಮಕ್ಕಳಲ್ಲಿ ಮಿದುಳಿನ ನೀರು ತುಂಬಿದ ಕುಹರಗಳ ಅಂಚಿನಲ್ಲಿ ಒಂದು ಬಗೆಯ ಗಡ್ಡೆ ಬೆಳೆಯುತ್ತದೆ. ವೈದ್ಯರು ಅದನ್ನು ಚಿಕ್ಕದಾಗಿ ‘ಸೀಗಾ’ ಎನ್ನುತ್ತಾರೆ, ನಿಮ್ಮ ಎಂಆರ್‌ಐ ವರದಿಯಲ್ಲಿ ಆ ಹೆಸರಿದೆಯೇ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು 1ನೇ ದರ್ಜೆಯ ಗಡ್ಡೆ, ಎಂದರೆ ನಿಧಾನವಾಗಿ ಬೆಳೆಯುವ, ಬೇರೆ ಅಂಗಗಳಿಗೆ ಹರಡದ ಗಡ್ಡೆ. ಅದರಿಂದ ತೊಂದರೆಯಾಗುವುದು ಅದು ಕೂತಿರುವ ಜಾಗದಿಂದ. ಮಿದುಳಿನ ನೀರು ಒಂದು ಕುಹರದಿಂದ ಇನ್ನೊಂದಕ್ಕೆ ಹರಿದುಹೋಗುವ ಕಿರಿದಾದ ಕಿಂಡಿಯ ಪಕ್ಕದಲ್ಲೇ ಅದು ಬೆಳೆಯುವುದರಿಂದ, ದೊಡ್ಡದಾದರೆ ಕಿಂಡಿ ಕಟ್ಟಿಕೊಂಡು ತಲೆಯೊಳಗೆ ಒತ್ತಡ ಏರುತ್ತದೆ. ಬೆಳಿಗ್ಗೆ ಏಳುತ್ತಿದ್ದಂತೆ ತಲೆನೋವು, ಕಾರಣವಿಲ್ಲದೆ ಮತ್ತೆ ಮತ್ತೆ ವಾಂತಿ, ದೃಷ್ಟಿ ಮಂಜಾಗುವುದು, ಇದ್ದಕ್ಕಿದ್ದಂತೆ ಮಂಕಾಗುವುದು, ಫಿಟ್ಸ್ ಏಕಾಏಕಿ ಹೆಚ್ಚಾಗುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೆಡಿಕಲ್ ಶಾಪಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಪೂರ್ತಿ ಸತ್ಯವೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎವರೊಲಿಮಸ್‌ಗೆ 2009ರಲ್ಲಿ ಮುಂದುವರಿದ ಮೂತ್ರಪಿಂಡದ ಕ್ಯಾನ್ಸರಿಗೆಂದು ಅನುಮತಿ ಕೊಟ್ಟಿತು. 2010ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್‌ನ ಮಿದುಳಿನ ಗಡ್ಡೆಗೆ, 2012ರಲ್ಲಿ ಅದೇ ಕಾಯಿಲೆಯ ಮೂತ್ರಪಿಂಡದ ಗಡ್ಡೆಗೆ ಮತ್ತು ಒಂದು ಬಗೆಯ ಸ್ತನ ಕ್ಯಾನ್ಸರಿಗೆ, 2018ರಲ್ಲಿ ಈ ಕಾಯಿಲೆಯಿಂದ ಬರುವ ಫಿಟ್ಸ್‌ಗೆ ಅನುಮತಿ ಸಿಕ್ಕಿತು. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕಡಿಮೆ ಪ್ರಮಾಣದಲ್ಲಿ ಕೊಡುವುದೂ ಇದೇ ಔಷಧಿಯನ್ನೇ. ಇಷ್ಟು ಬೇರೆ ಬೇರೆ ಕಾಯಿಲೆಗಳಿಗೆ ಒಂದು ಮಾತ್ರೆ ಹೇಗೆ ಆಗುತ್ತದೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು, ಏಕೆಂದರೆ ನಿಮ್ಮ ಅಮ್ಮನ ಬಗೆಗಿನ ಮೂರನೆಯ ಪ್ರಶ್ನೆಯ ಉತ್ತರವೂ ಅದರೊಳಗೇ ಇದೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಸಾವಿರಾರು ಪ್ರೋಟೀನುಗಳು ಕೆಲಸ ಮಾಡುತ್ತವೆ. ಅವುಗಳಲ್ಲಿ ಯಾವುದು ಯಾವಾಗ ಕೆಲಸ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಬಹುಮಟ್ಟಿಗೆ ಒಂದು ಸಣ್ಣ ರಾಸಾಯನಿಕ ಗುರುತಿನಿಂದ ತೀರ್ಮಾನವಾಗುತ್ತದೆ. ಆ ಗುರುತು ಫಾಸ್ಫೇಟ್. ಜೀವಕೋಶದ ಶಕ್ತಿಯ ಮೂಲವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು ತೆಗೆದು ಇನ್ನೊಂದು ಪ್ರೋಟೀನಿನ ಮೇಲೆ ಕೂರಿಸುವ ಕಿಣ್ವಗಳೇ ಪ್ರೋಟೀನ್ ಕೈನೇಸುಗಳು. ಆ ಫಾಸ್ಫೇಟನ್ನು ತೆಗೆದುಹಾಕುವ ಕಿಣ್ವಗಳು ಬೇರೆ ಇವೆ. ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಎಂಬ ವಿಜ್ಞಾನಿಗಳು 1950ರ ದಶಕದಲ್ಲಿ ಸ್ನಾಯುವಿನ ಮೇಲೆ ಕೆಲಸ ಮಾಡುತ್ತ ಇದನ್ನು ಕಂಡುಕೊಂಡರು, ಅದಕ್ಕಾಗಿ 1992ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯನ ಜೀನುಗಳಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸುಗಳ ಮಾಹಿತಿ ಇದೆ. ಕೋಶ ಬೆಳೆಯುವುದು, ಇಬ್ಭಾಗವಾಗುವುದು, ಸಾಯುವುದು, ನರಕೋಶವೊಂದು ಪಕ್ಕದ ನರಕೋಶದೊಂದಿಗೆ ಹೊಸ ಸಂಪರ್ಕ ಕಟ್ಟುವುದು ಎಲ್ಲದರಲ್ಲೂ ಅವುಗಳ ಕೈವಾಡ ಇದೆ. ಕ್ಯಾನ್ಸರ್ ಎಂದರೆ ಕೋಶದ ಬೆಳವಣಿಗೆ ಹತೋಟಿ ತಪ್ಪುವುದು, ಮಿದುಳಿನ ಅನೇಕ ಕಾಯಿಲೆಗಳೆಂದರೆ ನರಕೋಶಗಳ ಸಂಪರ್ಕ ಹತೋಟಿ ತಪ್ಪುವುದು; ಎರಡೂ ಕಡೆ ಅದೇ ಕೈನೇಸುಗಳು ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ತಂಗಿಯ ಮಗಳ ಕಾಯಿಲೆಗೆ ಸಂಬಂಧಿಸಿದ ಕೈನೇಸಿನ ಹೆಸರು ಎಂಟಾರ್. ಕೋಶಕ್ಕೆ ಆಹಾರ ಸಾಕಷ್ಟಿದೆಯೇ, ಇನ್ಸುಲಿನ್‌ನಂಥ ಬೆಳವಣಿಗೆಯ ಸೂಚನೆ ಬಂದಿದೆಯೇ ಎಂದು ನೋಡಿಕೊಂಡು ‘ಇನ್ನು ಹೊಸ ಪ್ರೋಟೀನು ತಯಾರಿಸಿ ಬೆಳೆಯಬಹುದು’ ಎಂದು ಅಪ್ಪಣೆ ಕೊಡುವುದು ಅದರ ಕೆಲಸ. ಅದನ್ನು ಹತೋಟಿಯಲ್ಲಿಡಲು ಹ್ಯಾಮಾರ್ಟಿನ್ ಮತ್ತು ಟ್ಯೂಬರಿನ್ ಎಂಬ ಎರಡು ಪ್ರೋಟೀನುಗಳು ಜೋಡಿಯಾಗಿ ಇರುತ್ತವೆ. ಕೆರೆಯ ತೂಬಿಗೆ ಹಾಕಿದ ಗೂಟವನ್ನು ನೆನಪಿಸಿಕೊಳ್ಳಿ. ಗೂಟ ಗಟ್ಟಿಯಾಗಿದ್ದರೆ ಬೇಕಾದಾಗ ಎತ್ತಿ, ಸಾಕಾದಾಗ ಇಳಿಸಿ ಗದ್ದೆಗೆ ಎಷ್ಟು ಬೇಕೋ ಅಷ್ಟೇ ನೀರು ಬಿಡಬಹುದು. ಗೂಟವೇ ಮುರಿದರೆ ಹಗಲೂ ರಾತ್ರಿ ನೀರು ಹರಿಯುತ್ತಲೇ ಇರುತ್ತದೆ. ಹ್ಯಾಮಾರ್ಟಿನ್ ತಯಾರಿಸುವ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ, ಟ್ಯೂಬರಿನ್‌ನದು 16ನೆಯದರಲ್ಲಿ. ಎರಡರಲ್ಲಿ ಒಂದು ಕೆಟ್ಟರೂ ಟ್ಯೂಬರಸ್ ಸ್ಕ್ಲೆರೋಸಿಸ್ ಬರುತ್ತದೆ. ಸುಮಾರು 6,000 ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ ಎಂಬ ಅಂದಾಜಿದೆ.

ಎಂಟಾರ್ ಹತೋಟಿ ತಪ್ಪಿದಾಗ ಏನಾಗುತ್ತದೆ ಎಂಬುದು ಆಯಾ ಅಂಗದ ಮೇಲೆ ಅವಲಂಬಿಸಿದೆ. ಚರ್ಮದಲ್ಲಿ ಎಲೆಯಾಕಾರದ ಬಿಳಿ ಮಚ್ಚೆಗಳು ಕಾಣುತ್ತವೆ. ಮಗುವಿನ ಬೆನ್ನು ಅಥವಾ ತೊಡೆಯ ಮೇಲೆ ಒಂದು ತುದಿ ಚೂಪಾಗಿ, ಇನ್ನೊಂದು ತುದಿ ದುಂಡಗೆ ಇರುವ ಬಿಳಿ ಮಚ್ಚೆ ನೀವೂ ನೋಡಿರಬಹುದು. ಮಂದ ಬೆಳಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಅತಿನೇರಳೆ ಬೆಳಕು ಸೂಸುವ ದೀಪ ಹಿಡಿದರೆ ಎದ್ದು ಕಾಣುತ್ತದೆ. ಹೃದಯದಲ್ಲಿ ಹುಟ್ಟುವಾಗಲೇ ಇರುವ ಗಂಟುಗಳು ಸಾಮಾನ್ಯವಾಗಿ ತಾವಾಗಿಯೇ ಕುಗ್ಗುತ್ತವೆ, ಮೂತ್ರಪಿಂಡದ ಗಡ್ಡೆಗಳು ಪ್ರಾಯ ಬಂದಂತೆ ದೊಡ್ಡದಾಗಬಹುದು. ಮಿದುಳಿನಲ್ಲಿ ತೊಂದರೆ ಎರಡು ಬಗೆಯದು. ಒಂದು, ಕೋಶಗಳು ಅಳತೆ ಮೀರಿ ಬೆಳೆದು ಗಡ್ಡೆಯಾಗುವುದು. ಇನ್ನೊಂದು ಗಡ್ಡೆಗಿಂತ ಮುಂಚಿನದು, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಂಭೀರವಾದದ್ದು: ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಿದುಳಿನ ಹೊರಪದರದಲ್ಲಿ ನರಕೋಶಗಳು ಸರಿಯಾಗಿ ಜೋಡಣೆಯಾಗದೆ ಅಲ್ಲಲ್ಲಿ ಗಂಟುಗಂಟಾಗಿ ಉಳಿಯುವುದು, ನರಕೋಶಗಳ ನಡುವಿನ ಸಂಪರ್ಕಗಳು ಅತಿಯಾಗಿ ಉದ್ರೇಕಗೊಳ್ಳುವುದು. ಫಿಟ್ಸ್ ಬರುವುದು ಇದರಿಂದ.

ಐದು ತಿಂಗಳಲ್ಲೇ ಫಿಟ್ಸ್ ಶುರುವಾಯಿತು ಎಂದು ಬರೆದಿದ್ದೀರಿ. ಈ ಕಾಯಿಲೆಯಲ್ಲಿ ಅದು ಹೆಚ್ಚಾಗಿ ಹೇಗೆ ಆರಂಭವಾಗುತ್ತದೆ ಎಂಬುದನ್ನು ಇತರ ಓದುಗರಿಗಾಗಿಯೂ ಹೇಳಬೇಕು. ನಿದ್ದೆಯಿಂದೆದ್ದ ಕೂಸು ಒಮ್ಮೆಲೇ ತಲೆ ಮುಂದಕ್ಕೆ ಬಾಗಿಸಿ ಎರಡೂ ಕೈಗಳನ್ನು ಚಾಚುತ್ತದೆ, ಒಂದೆರಡು ಕ್ಷಣದಲ್ಲಿ ಸಡಿಲವಾಗುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೆಯೇ ಮಾಡುತ್ತದೆ. ಹೀಗೆ ಸಾಲಾಗಿ ಹಲವು ಸಲ ಆಗುತ್ತದೆ. ಕೈಕಾಲು ಸೆಟೆದು ನೊರೆ ಬರುವ ಫಿಟ್ಸ್‌ನಂತೆ ಇದು ಕಾಣದ ಕಾರಣ ಕೂಸು ಬೆಚ್ಚಿಬಿತ್ತು, ಹೊಟ್ಟೆನೋವು, ದೃಷ್ಟಿಯಾಗಿದೆ, ಬಾಲಗ್ರಹ ಎಂದುಕೊಂಡು ಮನೆಯವರು ವಾರಗಟ್ಟಲೆ ಕಳೆಯುತ್ತಾರೆ. ಮೊಬೈಲಿನಲ್ಲಿ ಅದರ ವಿಡಿಯೊ ಮಾಡಿಕೊಂಡು ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿದರೆ ಕೂಸಿಗೆ ದೊಡ್ಡ ಉಪಕಾರವಾಗುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್‌ನಿಂದ ಬರುವ ಈ ಬಗೆಯ ಫಿಟ್ಸ್‌ಗೆ ವಿಗಾಬಾಟ್ರಿನ್ ಎಂಬ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದಷ್ಟೂ ಮಗುವಿನ ಕಲಿಕೆಗೆ ಪೆಟ್ಟು ಬೀಳುತ್ತದೆ.

ಎಂಟಾರ್ ಅನ್ನು ತಡೆಯುವ ಔಷಧಿ ಸಿಕ್ಕಿದ್ದು ಮಣ್ಣಿನಿಂದ. 1964ರಲ್ಲಿ ಕೆನಡಾದ ವೈದ್ಯರ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೋಗಿ ಅಲ್ಲಿಂದ ಮಣ್ಣಿನ ಮಾದರಿಗಳನ್ನು ತಂದಿತ್ತು. ಆ ಮಣ್ಣಿನ ಬ್ಯಾಕ್ಟೀರಿಯ ತಯಾರಿಸುವ ರಾಪಮೈಸಿನ್ ಎಂಬ ವಸ್ತುವನ್ನು ಮಾಂಟ್ರಿಯಲ್‌ನ ಔಷಧ ಸಂಶೋಧನಾಲಯದಲ್ಲಿ ಬೇರ್ಪಡಿಸಿದ್ದು ಭಾರತೀಯ ಮೂಲದ ಸುರೇಂದ್ರನಾಥ ಸೆಹಗಲ್ ಮತ್ತು ಅವರ ಸಹೋದ್ಯೋಗಿಗಳು. ಶಿಲೀಂಧ್ರನಾಶಕವೆಂದು ಹುಡುಕಿದ ಆ ವಸ್ತುವಿನಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಣ ಕಂಡುಬಂತು. ಕಂಪನಿ ಅದರ ಮೇಲಿನ ಕೆಲಸ ನಿಲ್ಲಿಸಿದಾಗ ಸೆಹಗಲ್ ಮಾದರಿಯನ್ನು ತಮ್ಮ ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. 1999ರಲ್ಲಿ ಅದು ಕಿಡ್ನಿ ಕಸಿಯ ಔಷಧಿಯಾಗಿ ಬಳಕೆಗೆ ಬಂತು. ಅದು ದೇಹದಲ್ಲಿ ಯಾವುದನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ತಿಳಿದದ್ದು 1991ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೈಕೆಲ್ ಹಾಲ್ ಮತ್ತು ಅವರ ಜೊತೆಗಾರರು ಯೀಸ್ಟ್ ಮೇಲೆ ನಡೆಸಿದ ಪ್ರಯೋಗಗಳಿಂದ. ಎವರೊಲಿಮಸ್ ಇದೇ ರಾಪಮೈಸಿನ್ನಿನ ಮಾರ್ಪಡಿಸಿದ ರೂಪ. ಕೈನೇಸಿನಲ್ಲಿ ಎಟಿಪಿ ಕೂರುವ ಗುಳಿ 500ಕ್ಕೂ ಹೆಚ್ಚು ಕೈನೇಸುಗಳಲ್ಲಿ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ ಅಲ್ಲಿ ಕೂರುವ ಔಷಧಿಗಳು ಬೇಡದ ಕೈನೇಸುಗಳನ್ನೂ ತಡೆಯುವ ಸಂಭವ ಇದೆ. ಎವರೊಲಿಮಸ್ ಆ ಗುಳಿಯ ತಂಟೆಗೆ ಹೋಗದೆ, ದೇಹದ ಇನ್ನೊಂದು ಸಣ್ಣ ಪ್ರೋಟೀನಿನ ಜೊತೆಗೂಡಿ ಎಂಟಾರ್‌ನ ಬೇರೊಂದು ಭಾಗಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಅದರ ಗುರಿ ಸಾಕಷ್ಟು ನಿಖರವಾದದ್ದು.

ಫಲಿತಾಂಶ ಎಷ್ಟು ಎಂಬುದನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಹೇಳಬೇಕು. ಸೀಗಾ ಗಡ್ಡೆಯಿರುವ 117 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎವರೊಲಿಮಸ್ ಪಡೆದವರ ಪೈಕಿ ಶೇ 35 ಮಂದಿಯ ಗಡ್ಡೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿತು. ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. ಫಿಟ್ಸ್ ಕುರಿತು 366 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತದಲ್ಲಿ ಔಷಧಿಯ ಮಟ್ಟ ಹೆಚ್ಚಿದ್ದ ಗುಂಪಿನ ಶೇ 40 ಮಂದಿಗೆ, ಮಟ್ಟ ಕಡಿಮೆಯಿದ್ದ ಗುಂಪಿನ ಶೇ 28 ಮಂದಿಗೆ, ಹುಸಿಮಾತ್ರೆಯ ಗುಂಪಿನ ಶೇ 15 ಮಂದಿಗೆ ಫಿಟ್ಸ್ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾಯಿತು. ಇವರೆಲ್ಲ ನಿಮ್ಮ ಮಗುವಿನಂತೆಯೇ ಬೇರೆ ಮಾತ್ರೆಗಳಿಗೆ ಫಿಟ್ಸ್ ಬಗ್ಗದವರು ಎಂಬುದನ್ನು ನೆನಪಿಟ್ಟುಕೊಂಡರೆ ಇದು ಸಣ್ಣ ಲಾಭವೇನಲ್ಲ. ಆದರೆ ಫಿಟ್ಸ್ ಪೂರ್ತಿ ನಿಂತೇಬಿಡುತ್ತದೆ ಎಂದು ತಂಗಿ ನಂಬಿಕೊಂಡರೆ ಮತ್ತೆ ನಿರಾಶೆಯಾದೀತು. ಇನ್ನೂ ಒಂದು ಮಾತು. ಕಲಿಕೆ, ನೆನಪು, ನಡವಳಿಕೆ ಸುಧಾರಿಸುತ್ತದೆಯೇ ಎಂದು ಮಕ್ಕಳ ಮೇಲೆಯೇ ನಡೆಸಿದ ಪ್ರಯೋಗಗಳಲ್ಲಿ ಗಣನೀಯ ಲಾಭ ಕಾಣಲಿಲ್ಲ. ಗಡ್ಡೆಯನ್ನು ಇಂದು ಕುಗ್ಗಿಸಬಹುದು, ಆದರೆ ಗರ್ಭದಲ್ಲೇ ತಪ್ಪಾಗಿ ಜೋಡಣೆಯಾದ ನರಕೋಶಗಳನ್ನು ಒಂಬತ್ತನೇ ವಯಸ್ಸಿನಲ್ಲಿ ಕೈನೇಸ್ ತಡೆದು ಮತ್ತೆ ಜೋಡಿಸಲಾಗದು. ಆದ್ದರಿಂದ ಮಾತ್ರೆ ಶುರುವಾಯಿತೆಂದು ಶಾಲೆಯಲ್ಲಿ ಕೊಡಿಸುತ್ತಿರುವ ವಿಶೇಷ ಬೋಧನೆ, ಮಾತಿನ ತರಬೇತಿ ಯಾವುದನ್ನೂ ಬಿಡಬಾರದು.

ಇದೇ ಔಷಧಿಯನ್ನು ಕ್ಯಾನ್ಸರಿನಲ್ಲಿ ನೋಡಿದರೆ ಚಿತ್ರ ಬೇರೆ. ಮುಂದುವರಿದ ಮೂತ್ರಪಿಂಡದ ಕ್ಯಾನ್ಸರಿನಲ್ಲಿ ರೋಗ ಮತ್ತೆ ಬೆಳೆಯದೆ ಇದ್ದ ಅವಧಿ ಹುಸಿಮಾತ್ರೆಯವರಲ್ಲಿ 1.9 ತಿಂಗಳಾದರೆ ಎವರೊಲಿಮಸ್‌ನವರಲ್ಲಿ 4.9 ತಿಂಗಳು. ಟ್ಯೂಬರಸ್ ಸ್ಕ್ಲೆರೋಸಿಸ್‌ನ ಗಡ್ಡೆಯಲ್ಲಿ ಕೆಟ್ಟಿರುವುದು ಮುಖ್ಯವಾಗಿ ಒಂದು ಕಡೆ ಮಾತ್ರ, ಆದ್ದರಿಂದ ಆ ಒಂದನ್ನು ಸರಿಪಡಿಸಿದರೆ ಗಡ್ಡೆ ವರ್ಷಗಟ್ಟಲೆ ಹತೋಟಿಯಲ್ಲಿರುತ್ತದೆ. ಪ್ರೌಢ ವಯಸ್ಸಿನ ಕ್ಯಾನ್ಸರಿನಲ್ಲಿ ಹತ್ತಾರು ಜೀನುಗಳು ಕೆಟ್ಟಿರುತ್ತವೆ. ಒಂದು ದಾರಿ ಮುಚ್ಚಿದರೆ ಕೋಶ ಇನ್ನೊಂದು ದಾರಿ ಹಿಡಿಯುತ್ತದೆ. ಒಂದೇ ಕೈನೇಸಿನ ಮೇಲೆ ನಿಂತಿರುವ ಕ್ಯಾನ್ಸರುಗಳೂ ಇಲ್ಲದಿಲ್ಲ. 2001ರಲ್ಲಿ ಬಂದ ಇಮ್ಯಾಟಿನಿಬ್, ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನ ಹಣೆಬರಹವನ್ನೇ ಬದಲಿಸಿತು. ಆ ಔಷಧಿಯಿಂದ ಚಿಕಿತ್ಸೆ ಆರಂಭಿಸಿದ ರೋಗಿಗಳಲ್ಲಿ ಶೇ 83 ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದರು ಎಂದು ದೀರ್ಘಾವಧಿಯ ಅಧ್ಯಯನ ತೋರಿಸಿದೆ. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದು ನಿಮಗೆ ನೆನಪಿರಬಹುದು. ಅದರಿಂದಾಗಿ ಭಾರತೀಯ ಕಂಪನಿಗಳ ಅಗ್ಗದ ಇಮ್ಯಾಟಿನಿಬ್ ಬಡವರ ಕೈಗೆಟುಕುವಂತೆ ಉಳಿಯಿತು.

ಆ ಇಮ್ಯಾಟಿನಿಬ್ ಮಿದುಳಿನ ವಿಷಯದಲ್ಲಿ ಮಾತ್ರ ಸೋಲುತ್ತದೆ. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿರುತ್ತವೆ, ಅಷ್ಟು ಸಾಲದೆಂಬಂತೆ ಒಳಗೆ ನುಗ್ಗಿದ ಔಷಧಿಯನ್ನು ಹಿಡಿದು ರಕ್ತಕ್ಕೇ ವಾಪಸು ತಳ್ಳುವ ಪ್ರೋಟೀನುಗಳೂ ಅಲ್ಲಿವೆ. ಇಮ್ಯಾಟಿನಿಬ್ ಈ ತಡೆಗೋಡೆಯನ್ನು ದಾಟುವುದು ಬಹಳ ಕಡಿಮೆ, ಹಾಗಾಗಿ ರಕ್ತ ಪೂರ್ತಿ ಶುದ್ಧವಾದ ಮೇಲೂ ಮಿದುಳಿನ ಪೊರೆಗಳಲ್ಲಿ ರೋಗ ಮರುಕಳಿಸಿದ ಉದಾಹರಣೆಗಳಿವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಒಂದು ಕೈನೇಸನ್ನು ತಡೆಯುತ್ತದೆ ಎಂಬ ಸುದ್ದಿ ಓದಿದಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು: ಮಿದುಳಿನೊಳಗೆ ಅದು ಸಾಕಷ್ಟು ಸೇರುತ್ತದೆಯೇ? ಈಗ ಬಳಕೆಯಲ್ಲಿರುವ 70ಕ್ಕೂ ಹೆಚ್ಚು ಕೈನೇಸ್ ಔಷಧಿಗಳಲ್ಲಿ ಹೆಚ್ಚಿನವು ಕ್ಯಾನ್ಸರಿಗಾಗಿಯೇ ಇರುವುದಕ್ಕೆ ಈ ಗೋಡೆಯೂ ಒಂದು ಕಾರಣ. ಅದನ್ನು ದಾಟುವಂತೆಯೇ ರೂಪಿಸಿದ ಲಾರ್ಲಾಟಿನಿಬ್‌ನಂಥ ಔಷಧಿಗಳು ಮಿದುಳಿಗೆ ಹರಡಿದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಒಳ್ಳೆಯ ಕೆಲಸ ಮಾಡುತ್ತಿವೆ. ಮಕ್ಕಳ ಮಿದುಳಿನ ಒಂದು ಬಗೆಯ ನಿಧಾನಗತಿಯ ಗಡ್ಡೆಗೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಎಂಬ ಎರಡು ಕೈನೇಸ್ ಔಷಧಿಗಳನ್ನು ಜೋಡಿಯಾಗಿ ಕೊಡಲು ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿದೆ.

ಇನ್ನು ನಿಮ್ಮ ಅಮ್ಮನ ವಿಷಯ. ಮರೆವಿನ ಕಾಯಿಲೆಗೆ ಎವರೊಲಿಮಸ್ ಕೊಡಿಸಬೇಡಿ. ಅಲ್ಝೈಮರ್ ಕಾಯಿಲೆಯಲ್ಲಿ ಕೈನೇಸುಗಳ ಪಾತ್ರ ಇಲ್ಲವೆಂದಲ್ಲ. ನರಕೋಶದೊಳಗಿನ ಟಾವ್ ಎಂಬ ಪ್ರೋಟೀನಿನ ಮೇಲೆ ಮಿತಿಮೀರಿ ಫಾಸ್ಫೇಟ್ ಕೂತು ಅದು ಸಿಕ್ಕುಸಿಕ್ಕಾಗಿ ಗಂಟು ಕಟ್ಟುವುದು ಆ ಕಾಯಿಲೆಯ ಮುಖ್ಯ ಲಕ್ಷಣ, ಆ ಫಾಸ್ಫೇಟನ್ನು ಕೂರಿಸುವವು ಕೈನೇಸುಗಳೇ. ಅವುಗಳಲ್ಲಿ ಜಿಎಸ್‌ಕೆ-3 ಎಂಬುದನ್ನು, ಮಾನಸಿಕ ರೋಗಗಳಿಗೆ 1949ರಿಂದ ಬಳಕೆಯಲ್ಲಿರುವ ಲಿಥಿಯಂ ತಡೆಯುತ್ತದೆ ಎಂದು 1996ರಲ್ಲಿ ಗೊತ್ತಾದಾಗ ಬಹಳ ಆಸೆ ಹುಟ್ಟಿತ್ತು. ಅದೇ ಕೈನೇಸನ್ನು ತಡೆಯಲೆಂದು ತಯಾರಿಸಿದ ಟಿಡೆಗ್ಲುಸಿಬ್ ಅನ್ನು ಅಲ್ಝೈಮರ್ ರೋಗಿಗಳ ಮೇಲೆ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ.

ಮನುಷ್ಯನ ಮಿದುಳಿನಲ್ಲಿ ಕೈನೇಸನ್ನು ಮುಟ್ಟುವುದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಉದಾಹರಣೆ ಡರ್ಕ್-1ಎ ಎಂಬ ಇನ್ನೊಂದು ಕೈನೇಸ್. ಅದರ ಜೀನ್ 21ನೇ ಕ್ರೋಮೋಸೋಮಿನಲ್ಲಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕ್ರೋಮೋಸೋಮಿನ ಮೂರು ಪ್ರತಿಗಳಿರುವುದರಿಂದ ಈ ಕೈನೇಸ್ ಒಂದೂವರೆ ಪಟ್ಟಿನಷ್ಟಾಗುತ್ತದೆ. ಅವರ ಕಲಿಕೆಯ ತೊಡಕಿಗೂ, ಬೇಗನೆ ಬರುವ ಅಲ್ಝೈಮರ್ ಬದಲಾವಣೆಗಳಿಗೂ ಇದು ಒಂದು ಕಾರಣವೆಂದು ಹೇಳಲು ಆಧಾರಗಳಿವೆ. ಕೆಲವು ಬಗೆಯ ಕ್ಯಾನ್ಸರುಗಳ ಸಂಶೋಧನೆಯಲ್ಲೂ ಇದೇ ಕೈನೇಸಿನ ಹೆಸರು ಬರುತ್ತದೆ. ಹಾಗಾದರೆ ಅದನ್ನು ಪೂರ್ತಿ ತಡೆದುಬಿಟ್ಟರಾಯಿತಲ್ಲ ಎನಿಸಬಹುದು. ಆದರೆ ಹುಟ್ಟಿನಿಂದಲೇ ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಮಕ್ಕಳೂ ಇದ್ದಾರೆ. ಅವರ ತಲೆಯ ಗಾತ್ರ ಚಿಕ್ಕದು, ಮಾತು ತಡ, ಬುದ್ಧಿಮಾಂದ್ಯ, ಫಿಟ್ಸ್. ಅರ್ಧದಷ್ಟು ಹೆಚ್ಚಾದರೂ ಹಾನಿ, ಅರ್ಧದಷ್ಟು ಕಡಿಮೆಯಾದರೂ ಹಾನಿ. ಕ್ಯಾನ್ಸರಿನಲ್ಲಿ ವೈದ್ಯರು ಕೈನೇಸನ್ನು ಸಾಧ್ಯವಾದಷ್ಟು ಅದುಮಿ ಹಿಡಿಯಲು ನೋಡುತ್ತಾರೆ, ಕೋಶ ಸತ್ತರೆ ಅದೇ ಬೇಕಾದದ್ದು. ಮಿದುಳಿನಲ್ಲಿ ನರಕೋಶ ಬದುಕಬೇಕು, ಕೆಲಸವನ್ನೂ ಮಾಡಬೇಕು, ಔಷಧಿಯನ್ನು ಜೀವನವಿಡೀ ತಡೆದುಕೊಳ್ಳಬೇಕು. ಆದ್ದರಿಂದ ‘ಒಂದೇ ಕೈನೇಸ್, ಎರಡೂ ಕಾಯಿಲೆಗೆ ಮದ್ದು’ ಎಂಬ ಸುದ್ದಿ ನಿಜವೇ ಆಗಿದ್ದರೂ, ಎಷ್ಟು ತಡೆಯಬೇಕು, ಯಾವ ವಯಸ್ಸಿನಲ್ಲಿ, ಎಷ್ಟು ಕಾಲ ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಕಾಯಿಲೆಯಲ್ಲೂ ಬೇರೆಯಾಗಿಯೇ ಉತ್ತರ ಹುಡುಕಬೇಕಾಗುತ್ತದೆ. ಗ್ರೀನ್ ಟೀ ಸಾರದಲ್ಲಿರುವ ಒಂದು ಅಂಶ ಡರ್ಕ್-1ಎ ಅನ್ನು ತಡೆಯುತ್ತದೆ ಎಂದು ಕೇಳಿ ಅದರ ಕ್ಯಾಪ್ಸೂಲುಗಳನ್ನು ತರಿಸಿಕೊಳ್ಳುವವರಿದ್ದಾರೆ. ದೊಡ್ಡ ಪ್ರಮಾಣದ ಗ್ರೀನ್ ಟೀ ಸಾರದಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ, ಅಮ್ಮನಿಗೆ ಅದೂ ಬೇಡ.

ರಾಪಮೈಸಿನ್ ಕೊಟ್ಟ ಇಲಿಗಳು ಹೆಚ್ಚು ಕಾಲ ಬದುಕಿದವು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ನಿಜವಾದದ್ದು. ಆದರೆ ಅದರಿಂದ ಮನುಷ್ಯರ ಮರೆವು ಕಡಿಮೆಯಾಗುತ್ತದೆ ಎಂದು ಸಾಬೀತಾಗಿಲ್ಲ. 76 ವರ್ಷದವರಿಗೆ ಈ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಕುಗ್ಗುವುದು, ರಕ್ತದ ಸಕ್ಕರೆ ಮತ್ತು ಕೊಲೆಸ್ಟರಾಲ್ ಏರುವುದು, ಗಾಯ ಬೇಗ ಮಾಯದಿರುವುದು, ಶ್ವಾಸಕೋಶದ ಉರಿಯೂತ ಇವು ಸಣ್ಣ ತೊಂದರೆಗಳಲ್ಲ. ಅವರಿಗೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ, ಕಿವಿ ಮತ್ತು ಕಣ್ಣಿನ ತಪಾಸಣೆ ಆಗಿದೆಯೇ ನೋಡಿ, ನಿದ್ದೆಗೆಂದು ಹಲವು ವರ್ಷಗಳಿಂದ ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ತೋರಿಸಿ. ಸರಿಪಡಿಸಬಹುದಾದ ಮರೆವು ಕೆಲವೊಮ್ಮೆ ಅಲ್ಲೇ ಅಡಗಿರುತ್ತದೆ.

ಮಗುವಿಗೆ ಮಾತ್ರೆ ಕೊಡುವಾಗ ನೀವು ಊರಲ್ಲಿ ಪಾಲಿಸಬೇಕಾದ ಕೆಲವು ಸಂಗತಿಗಳಿವೆ. ಎವರೊಲಿಮಸ್ ಪ್ರಮಾಣವನ್ನು ದೇಹದ ಮೇಲ್ಮೈ ವಿಸ್ತೀರ್ಣದ ಮೇಲೆ ಲೆಕ್ಕ ಹಾಕಿ, ನಂತರ ರಕ್ತದಲ್ಲಿ ಅದರ ಮಟ್ಟ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 5ರಿಂದ 15 ನ್ಯಾನೊಗ್ರಾಂ ಇರುವಂತೆ ನೋಡಿಕೊಳ್ಳುತ್ತಾರೆ. ಈ ಪರೀಕ್ಷೆಗೆ ರಕ್ತ ಕೊಡಬೇಕಾದದ್ದು ಆ ದಿನದ ಮಾತ್ರೆ ನುಂಗುವ ಮುಂಚೆ. ಬೆಳಿಗ್ಗೆ ಮನೆಯಲ್ಲಿ ಮಾತ್ರೆ ಕೊಟ್ಟು, ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ಮಧ್ಯಾಹ್ನ ರಕ್ತ ಕೊಟ್ಟರೆ ಬರುವ ಅಂಕಿ ಸುಳ್ಳು ಎತ್ತರದ್ದಾಗಿರುತ್ತದೆ, ಅದನ್ನು ನಂಬಿ ವೈದ್ಯರು ಪ್ರಮಾಣ ಇಳಿಸಿಬಿಡಬಹುದು. ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬನ್ನಿ, ರಕ್ತ ಕೊಟ್ಟ ಮೇಲೆ ನುಂಗಿಸಿ, ಹಿಂದಿನ ದಿನ ಎಷ್ಟು ಗಂಟೆಗೆ ಕೊಟ್ಟಿದ್ದಿರಿ ಎಂಬುದನ್ನು ಲ್ಯಾಬಿನವರ ಚೀಟಿಯಲ್ಲಿ ಬರೆಸಿ. ಮಗು ಈಗಾಗಲೇ ಕಾರ್ಬಮಜೆಪಿನ್, ಫೆನಿಟಾಯಿನ್ ಅಥವಾ ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿದ್ದರೆ ಯಕೃತ್ತು ಎವರೊಲಿಮಸ್ ಅನ್ನು ಬೇಗ ಕರಗಿಸಿಬಿಡುತ್ತದೆ. ಕ್ಲಾರಿಥ್ರೋಮೈಸಿನ್‌ನಂಥ ಆಂಟಿಬಯಾಟಿಕ್, ಫಂಗಸ್‌ಗೆ ಕೊಡುವ ಕೆಲವು ಮಾತ್ರೆಗಳು ಅದನ್ನು ರಕ್ತದಲ್ಲಿ ಏರಿಸುತ್ತವೆ. ಹಿತ್ತಿಲಿನ ಚಕ್ಕೋತವೂ ಬೇಡ. ಈ ಮಾತ್ರೆಯ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದು ಬರೆದಿರುತ್ತದೆ, ನಮ್ಮಲ್ಲಿ ಆ ಹಣ್ಣು ಸಿಗುವುದಿಲ್ಲವೆಂದು ಯಾರೂ ಅದಕ್ಕೆ ಗಮನ ಕೊಡುವುದಿಲ್ಲ; ಚಕ್ಕೋತ ಅದರ ಮೂಲ ಜಾತಿ, ಔಷಧಿ ಕರಗುವುದನ್ನು ತಡೆಯುವ ಅದೇ ಅಂಶ ಅದರಲ್ಲೂ ಇದೆ. ನಾಟಿ ಔಷಧಿ, ಕಷಾಯದ ಪುಡಿ ಏನನ್ನಾದರೂ ಕೊಡುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಬಾಯಿಹುಣ್ಣು ಬಹಳ ಸಾಮಾನ್ಯ, ಮೊದಲ ತಿಂಗಳುಗಳಲ್ಲೇ ಹೆಚ್ಚು. ಖಾರ, ಹುಳಿ ಕಡಿಮೆ ಮಾಡಿ, ಪೆರಾಕ್ಸೈಡ್ ಅಥವಾ ಆಲ್ಕೊಹಾಲ್ ಇರುವ ಬಾಯಿ ತೊಳೆಯುವ ದ್ರವ ಬಳಸಬೇಡಿ. ದಡಾರ, ಸೀತಾಳೆ ಸಿಡುಬಿನ ಲಸಿಕೆಗಳು ಜೀವಂತ ವೈರಸ್ಸಿನವು, ಮಾತ್ರೆ ನಡೆಯುತ್ತಿರುವಾಗ ಅವನ್ನು ಹಾಕಿಸುವಂತಿಲ್ಲ. ಬಾಕಿಯಿದ್ದರೆ ಶುರು ಮಾಡುವ ಮುಂಚೆಯೇ ವೈದ್ಯರನ್ನು ಕೇಳಿ. ಹಲ್ಲು ಕೀಳಿಸುವುದಿದ್ದರೂ ಮೊದಲು ತಿಳಿಸಿ. ಜ್ವರದ ವಿಷಯದಲ್ಲಿ ನಿಮ್ಮ ತಾಲ್ಲೂಕಿನವರು ಇನ್ನೂ ಎಚ್ಚರವಾಗಿರಬೇಕು. ಡಿಸೆಂಬರಿನಿಂದ ಮೇ ವರೆಗೆ ಮಂಗನ ಕಾಯಿಲೆಯ ಕಾಲ. ಆ ಕಾಯಿಲೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಎವರೊಲಿಮಸ್‌ನಿಂದಲೂ ಅವು ಇಳಿಯಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಾತ್ರೆಯ ವಿಷಯ ಗೊತ್ತಿಲ್ಲದಿದ್ದರೆ ವರದಿ ನೋಡಿ ಗೊಂದಲವಾಗುತ್ತದೆ, ಆದ್ದರಿಂದ ಜ್ವರ ಬಂದ ದಿನವೇ ಮಾತ್ರೆಯ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಸೋಂಕು ತೀವ್ರವಾಗಿದ್ದರೆ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು, ಆ ತೀರ್ಮಾನ ವೈದ್ಯರದ್ದಾಗಿರಲಿ. ನಿಮ್ಮಷ್ಟಕ್ಕೆ ನೀವೇ ಪೂರ್ತಿ ಬಿಟ್ಟುಬಿಟ್ಟರೆ ಕುಗ್ಗಿದ ಗಡ್ಡೆ ಮತ್ತೆ ಬೆಳೆಯುವುದು ಸಾಮಾನ್ಯ.

ಭಾರತದಲ್ಲೇ ತಯಾರಾಗುವ ಜನರಿಕ್ ಎವರೊಲಿಮಸ್ ಸಿಗುತ್ತದೆ, ಬೆಲೆಯಲ್ಲಿ ಬಹಳ ವ್ಯತ್ಯಾಸ ಇರುವುದರಿಂದ ವಿಚಾರಿಸಿ ಕೊಳ್ಳಿ. ಆದರೆ ಕಿಡ್ನಿ ಕಸಿಗೆ ಬಳಸುವ ಮಾತ್ರೆಗಳೂ ಕ್ಯಾನ್ಸರಿಗೆ ಬಳಸುವವೂ ಮಿಲಿಗ್ರಾಂ ಲೆಕ್ಕದಲ್ಲಿ ಬೇರೆ ಬೇರೆ, ಆದ್ದರಿಂದ ಅಂಗಡಿಯಲ್ಲಿ ಬ್ರ್ಯಾಂಡ್ ಬದಲಿಸಿದಾಗಲೆಲ್ಲ ಚೀಟಿಯೊಂದಿಗೆ ಮಿಲಿಗ್ರಾಂ ಹೋಲಿಸಿ ನೋಡಿ. ಮಿದುಳಿನ ಎಂಆರ್‌ಐ, ಮೂತ್ರಪಿಂಡದ ಸ್ಕ್ಯಾನ್ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬೆಂಗಳೂರಿನ ವೈದ್ಯರಿಂದ ಬರೆಸಿಕೊಳ್ಳಿ. ಗಡ್ಡೆಗೆ ಶಸ್ತ್ರಚಿಕಿತ್ಸೆ ಒಳ್ಳೆಯದೋ ಮಾತ್ರೆ ಒಳ್ಳೆಯದೋ, ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಹುಟ್ಟುತ್ತಿದ್ದರೆ ಆ ಭಾಗವನ್ನು ತೆಗೆಯಬಹುದೇ ಎಂಬುದನ್ನು ನಿಮ್ಹಾನ್ಸ್‌ನಂಥ ಕಡೆ ಚರ್ಚಿಸುವುದು ಒಳ್ಳೆಯದು. ತಂಗಿಗೆ ಇನ್ನೊಂದು ಮಗುವಿನ ಯೋಚನೆ ಇದ್ದರೆ ಜೀನ್ ಪರೀಕ್ಷೆಯನ್ನು ಮುಂದೂಡಬಾರದು. ಈ ಕಾಯಿಲೆಯ ಮೂರರಲ್ಲಿ ಎರಡು ಭಾಗದಷ್ಟು ಮಕ್ಕಳಲ್ಲಿ ಜೀನಿನ ದೋಷ ಹೊಸದಾಗಿ ಹುಟ್ಟಿದ್ದು, ತಂದೆ ತಾಯಿಯಿಂದ ಬಂದದ್ದಲ್ಲ. ಹಾಗಿದ್ದರೆ ಮುಂದಿನ ಮಗುವಿಗೆ ಬರುವ ಸಂಭವ ಬಹಳ ಕಡಿಮೆ. ಇಬ್ಬರಲ್ಲಿ ಒಬ್ಬರಿಗೆ ತೀರಾ ಸೌಮ್ಯ ರೂಪದಲ್ಲಿ, ಚರ್ಮದ ಮಚ್ಚೆಯಷ್ಟೇ ಆಗಿ ಅದು ಇದ್ದರೆ ಪ್ರತಿ ಗರ್ಭದಲ್ಲೂ ಸಂಭವ ಎರಡಕ್ಕೊಂದು. ಆದ್ದರಿಂದ ಮುಂದಿನ ಸಲ ಮಗುವನ್ನು ಕರೆದೊಯ್ಯುವಾಗ ತಂಗಿ ಮತ್ತು ಭಾವ ಇಬ್ಬರೂ ಜೊತೆಗೆ ಹೋಗಿ ತಮ್ಮ ಚರ್ಮವನ್ನೂ ವೈದ್ಯರಿಗೆ ತೋರಿಸಿಕೊಳ್ಳಲಿ.